ತಾಯಿಯ ಕೈಗೂ ಕೂಲಿ ಬೇಕು

ತಿಂಗಳು ತುಂಬದ ಕೂಸು ತೋಟದ ಯಜಮಾನರ ಮನೆಯಲ್ಲೂ ಹುಟ್ಟುತ್ತದೆ, ಬೇಗಾರಿನ ಕೂಲಿಯವಳಿಗೂ ಹುಟ್ಟುತ್ತದೆ. ಹುಟ್ಟುವಾಗ ಎರಡೂ ಅಂಗೈ ಅಗಲವೇ. ಭೇದವೆಲ್ಲ ಆಮೇಲಿನದು.

ಇಂಥ ಕೂಸಿಗೆ ಗಾಜಿನ ಪೆಟ್ಟಿಗೆಯಷ್ಟೇ ಸಾಲದು, ಮನುಷ್ಯರ ಕೈಯೂ ಬೇಕು. 1986ರಲ್ಲಿ ಅಮೆರಿಕದ ಟಿಫನಿ ಫೀಲ್ಡ್ ಮತ್ತು ಸಂಗಡಿಗರು ಆಸ್ಪತ್ರೆಯ ಅಕಾಲ ಶಿಶುಗಳಿಗೆ ದಿನಕ್ಕೆ ಮೂರು ಸಲ, ಸಲಕ್ಕೆ 15 ನಿಮಿಷ, 10 ದಿನ ಮೈ ನೀವಿ ಕೈಕಾಲು ಆಡಿಸಿದರು. ಕುಡಿದದ್ದು ಅಷ್ಟೇ ಹಾಲು. ತೂಕ ಏರಿದ್ದು ಉಳಿದ ಶಿಶುಗಳಿಗಿಂತ ನೂರಕ್ಕೆ 47 ಪಾಲು ಹೆಚ್ಚು. ಮುಂದಿನ ಪ್ರಯೋಗಗಳಲ್ಲಿ ಲಾಭ ಇಷ್ಟು ದೊಡ್ಡದಾಗಿ ಕಾಣಲಿಲ್ಲ, ನಿಜ. ಆದರೆ ತಾಯಿ ಬರಿಯೆದೆಗೆ ಕೂಸನ್ನು ಅಪ್ಪಿಕೊಳ್ಳುವ ಕ್ರಮಕ್ಕೆ ಗಟ್ಟಿ ಸಾಕ್ಷ್ಯವಿದೆ. 1978ರಲ್ಲಿ ಕೊಲಂಬಿಯದ ಬೊಗೋಟಾದಲ್ಲಿ ಅದು ಹುಟ್ಟಿತು. ಭಾರತವೂ ಸೇರಿ ಐದು ದೇಶಗಳಲ್ಲಿ ಹುಟ್ಟಿದ ಕೂಡಲೇ ಹಾಗೆ ಮಾಡಿ ನೋಡಿದಾಗ ಸಾವು ಕಾಲುಭಾಗ ಇಳಿಯಿತೆಂದು 2021ರಲ್ಲಿ ವರದಿಯಾಯಿತು. ನಮ್ಮ ಕೊಪ್ಪಳ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲೂ ಇದನ್ನು ನಡೆಸಿ ತೋರಿಸಿದ್ದಾರೆ.

ಒಂದು ಎಚ್ಚರಿಕೆ. ಇದು ಬಾಣಂತಿಮನೆಯ ಬಿಸಿನೀರು, ಎಣ್ಣೆಯ ತಿಕ್ಕಾಟವಲ್ಲ. ಉಸಿರು ನೆಟ್ಟಗಾದ ಮೇಲೆ, ವೈದ್ಯರು ಹೇಳಿದ ಮೇಲೆ, ದಾದಿ ಕಲಿಸಿದಂತೆ ಮೆಲ್ಲನೆ ನೀವಬೇಕು.

ದಿನಕ್ಕೆ 8ರಿಂದ 24 ಗಂಟೆ ಕೂಸು ತಾಯಿಯೆದೆಯ ಮೇಲಿರಲಿ ಎಂದು 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಒಳ್ಳೆಯ ಮಾತು. ಆದರೆ ಸ್ವಾಮಿ, ಆ ಎಂಟು ಗಂಟೆಯ ಕೂಲಿ ಯಾರು ಕೊಡುತ್ತಾರೆ? ಬೇಗಾರಿನವಳು ಶಿವಮೊಗ್ಗೆಗೋ, ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ ಹೋದರೆ ಅವಳು ಮಲಗುವುದೆಲ್ಲಿ? ಉಣ್ಣುವುದೇನು? ಮನೆಯಲ್ಲಿರುವ ದೊಡ್ಡ ಮಗುವಿಗೆ ದಿಕ್ಕು ಯಾರು?

ಕಾನೂನಿದೆ ಎನ್ನುತ್ತಾರೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ ಮೊದಲೆರಡು ಮಕ್ಕಳಿಗೆ 26 ವಾರದ ರಜೆ ಬಂತು. ಹಾಜರಿ ಪುಸ್ತಕದಲ್ಲಿ ಹೆಸರಿದ್ದವಳಿಗೆ ತಾನೆ ಅದು? ದಿನಗೂಲಿಗೆ ಅಡಿಕೆ ಸುಲಿಯುವವಳಿಗೆ, ಗಂಡನೊಡನೆ ಸಣ್ಣ ಅಂಗಡಿ ನಡೆಸುವವಳಿಗೆ ಯಾವ ರಜೆ? ಮೊದಲ ಕೂಸಿಗೆ ಕೇಂದ್ರದವರು ಕಂತಿನಲ್ಲಿ ಕೊಡುವ 5,000 ರೂಪಾಯಿ ಎಷ್ಟು ದಿನ ಬಂದೀತು? ಸರ್ಕಾರಿ ನೌಕರನಾದ ತಂದೆಗೆ 15 ದಿನ ರಜೆಯುಂಟು. ಗಿರಣಿಯ ತಂದೆಗೆ ಕಾನೂನಿನಲ್ಲಿ ಒಂದು ದಿನವೂ ಇಲ್ಲ. ಅವನೆದೆಯಲ್ಲಿ ಬಿಸಿಯಿಲ್ಲವೆ?

ನಾವು ದಾನ ಬೇಡುತ್ತಿಲ್ಲ. ಶಿಶು ಘಟಕದ ಪಕ್ಕದಲ್ಲೇ ತಾಯಿಗೊಂದು ಮಂಚ, ಎರಡು ಹೊತ್ತು ಊಟ, ಕೂಸು ಮನೆಗೆ ಬರುವ ತನಕ ದಿನಕ್ಕೆ ಕನಿಷ್ಠ ಕೂಲಿ, ತಂದೆಗೆ ಸಂಬಳಸಹಿತ ರಜೆ, ಕಲಿಸಲು ಸಾಕಷ್ಟು ದಾದಿಯರು: ಇಷ್ಟೇ ಕೇಳುತ್ತೇವೆ. ಯಂತ್ರ ಕೊಳ್ಳಲು ಹಣವಿದೆ. ಆ ಯಂತ್ರದ ಪಕ್ಕ ತಾಯಿಯನ್ನು ಕೂರಿಸಲು ಇಲ್ಲವೆ?

ಗಿರಣಿಯ ಗೆಳೆಯರೇ, ಅಂಗಡಿಯ ಬಂಧುಗಳೇ, ಮುಂದಿನ ಬೇಡಿಕೆಪಟ್ಟಿಯಲ್ಲಿ ಬೋನಸ್ಸಿನ ಕೆಳಗೆ ಈ ಸಾಲನ್ನೂ ಬರೆಯಿರಿ. ಕೂಸಿಗೆ ಬಾಯಿಲ್ಲ, ನಮಗಿದೆ.