ಮನೆಯಲ್ಲಿಯೇ ಕಲಿಯುವ ಮೆಷಿನ್ ಲರ್ನಿಂಗ್

ನಮ್ಮ ವಾಚಕರಲ್ಲಿ ಒಬ್ಬ ಗೃಹಸ್ಥರು ಈ ತಿಂಗಳು ಒಂದು ಪ್ರಶ್ನೆಯನ್ನು ಕಳುಹಿಸಿರುವರು. ಬಿ.ಕಾಂ. ಮುಗಿಸಿದ ಅವರ ಮಗನು ಡೇಟಾ ಸೈನ್ಸ್ ಎಂಬ ವಿದ್ಯೆಯನ್ನು ಅಂತರ್ಜಾಲದ ಮೂಲಕ ಕಲಿಯಬೇಕೆಂದು ಹಟ ಹಿಡಿದಿರುವನಂತೆ. ಒಂದು ಕಂಪನಿಯವರು ಎರಡು ಲಕ್ಷ ರೂಪಾಯಿಗಳ ಪಾಠಕ್ರಮವನ್ನು ಮುಂದಿಟ್ಟು, ಹಣವಿಲ್ಲದಿದ್ದರೆ ಕಂತಿನ ಸಾಲವನ್ನೂ ತಾವೇ ಕೊಡಿಸುವುದಾಗಿ ಹೇಳಿರುವರು. ಸಹಿ ಮಾಡಬಹುದೆ ಎಂದು ತಂದೆಯವರು ಕೇಳುತ್ತಾರೆ.

ಸದ್ಯಕ್ಕೆ ಬೇಡವೆಂದೇ ನಮ್ಮ ಅಭಿಪ್ರಾಯ.

ಈ ವಿದ್ಯೆ ಏನೆಂಬುದನ್ನು ಮೊದಲು ತಿಳಿಯೋಣ. ಒಂದು ಬಡಾವಣೆಯಲ್ಲಿ ಮಾರಾಟವಾದ ಸಾವಿರ ಮನೆಗಳ ಅಳತೆಯನ್ನೂ ಬೆಲೆಯನ್ನೂ ಕಂಪ್ಯೂಟರಿಗೆ ಒದಗಿಸಿದರೆ, ಅವೆರಡಕ್ಕಿರುವ ಸಂಬಂಧವನ್ನು ಅದು ತಾನೇ ಕಂಡುಕೊಂಡು, ಮುಂದಿನ ಮನೆಯ ಬೆಲೆಯನ್ನು ಊಹಿಸುವುದು. ಮೊದಲು ಒಂದು ಊಹೆ, ನಿಜವಾದ ಬೆಲೆಗೂ ಅದಕ್ಕೂ ಎಷ್ಟು ಅಂತರವೆಂಬ ಲೆಕ್ಕ, ಆ ಅಂತರ ತಗ್ಗುವಂತೆ ಸ್ವಲ್ಪ ತಿದ್ದುಪಡಿ, ಪುನಃ ಊಹೆ. ಹೀಗೆ ಸಾವಿರಾರು ಸಲ ನಡೆಯುವುದು. ಇದರಲ್ಲಿ ಮಂತ್ರವಿಲ್ಲ, ಗಣಿತವುಂಟು. ಯಾವ ಕಡೆಗೆ ತಿದ್ದಬೇಕೆಂದು ತಿಳಿಯಲು ಕಲನಶಾಸ್ತ್ರ ಬೇಕು; ಮನೆಯೊಂದಕ್ಕೆ ನೂರು ಲಕ್ಷಣಗಳಿದ್ದರೆ ಮ್ಯಾಟ್ರಿಕ್ಸ್ ಗಣಿತ ಬೇಕು; ಊಹೆಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದಕ್ಕೆ ಸಂಖ್ಯಾಶಾಸ್ತ್ರ ಬೇಕು. ಗಣಿತವೇ ಬೇಡವೆಂದು ಸಾರುವ ಜಾಹೀರಾತನ್ನು ಕಂಡಲ್ಲಿ ಎಚ್ಚರವಾಗಿರತಕ್ಕದ್ದು.

ಆ ಗಣಿತಕ್ಕಾಗಿ ಸಾಲ ಮಾಡಬೇಕಾಗಿಲ್ಲ. ಅಮೆರಿಕದ ಎಂ.ಐ.ಟಿ. ವಿದ್ಯಾಲಯದ ಗಿಲ್ಬರ್ಟ್ ಸ್ಟ್ರಾಂಗ್ ಅವರ ಮ್ಯಾಟ್ರಿಕ್ಸ್ ಪಾಠಗಳು ಯಾರಿಗಾದರೂ ಉಚಿತ. ನಮ್ಮ ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ನಡೆಸುವ ಎನ್‌ಪಿಟಿಇಎಲ್‌ನಲ್ಲಿ ಐ.ಐ.ಟಿ. ಮದ್ರಾಸಿನ ಬಾಲರಾಮನ್ ರವೀಂದ್ರನ್ ಅವರ ಮೆಷಿನ್ ಲರ್ನಿಂಗ್ ಪಾಠಗಳಿವೆ. ಕೇಳುವುದಕ್ಕೆ ಶುಲ್ಕವಿಲ್ಲ, ಪ್ರಮಾಣಪತ್ರ ಬೇಕಾದವರು ಮಾತ್ರ ಶುಲ್ಕ ಕಟ್ಟಿ, ಪರೀಕ್ಷಾಕೇಂದ್ರಕ್ಕೆ ಹೋಗಿ ಬರೆಯಬೇಕು. 2024ರಲ್ಲಿ ಆ ಶುಲ್ಕ ಸಾವಿರ ರೂಪಾಯಿಗಳಾಗಿದ್ದಿತು.

ಪಾಠ ಯಾವ ವರ್ಷದ್ದೆಂಬುದನ್ನೂ ವಿಚಾರಿಸಬೇಕು. ಸ್ಟ್ಯಾನ್‌ಫರ್ಡಿನ ಆಂಡ್ರ್ಯೂ ಎಂಗ್ ಅವರು 2011ರಲ್ಲಿ ಅಂತರ್ಜಾಲದಲ್ಲಿಟ್ಟ ಪಾಠಕ್ಕೆ ಸುಮಾರು ಲಕ್ಷ ಜನ ಹೆಸರು ಕೊಟ್ಟರು. ಅದು ಆಕ್ಟೇವ್ ಎಂಬ ಭಾಷೆಯಲ್ಲಿದ್ದಿತು. ಉದ್ಯೋಗಗಳಲ್ಲೆಲ್ಲ ಪೈಥಾನ್ ಬಳಕೆಗೆ ಬಂದಮೇಲೆ, 2022ರಲ್ಲಿ ಅವರು ಆ ಪಾಠವನ್ನು ಪೈಥಾನಿನಲ್ಲಿ ಹೊಸದಾಗಿ ರಚಿಸಿದರು. ಹಳೆಯದನ್ನೇ ಹೊಸ ಬೆಲೆಗೆ ಕೊಳ್ಳುವ ಅವಸ್ಥೆ ಬರಬಾರದಷ್ಟೆ!

ಉಚಿತವಾದುದನ್ನು ಜನ ನಡುವೆಯೇ ಬಿಟ್ಟುಬಿಡುವರೆಂಬ ಆಕ್ಷೇಪಣೆ ನಿಜವೇ. ಹಾರ್ವರ್ಡ್ ಮತ್ತು ಎಂ.ಐ.ಟಿ.ಯವರ ಅಂತರ್ಜಾಲ ಪಾಠಗಳ ಲೆಕ್ಕ 2019ರಲ್ಲಿ ಪ್ರಕಟವಾಯಿತು. 2017-18ರಲ್ಲಿ ಸೇರಿದವರಲ್ಲಿ ಕೊನೆ ಮುಟ್ಟಿದವರು ನೂರಕ್ಕೆ ಮೂವರು. ಪ್ರಮಾಣಪತ್ರಕ್ಕೆಂದು ಹಣ ಕಟ್ಟಿದ್ದವರಲ್ಲಿ ನೂರಕ್ಕೆ 46 ಮಂದಿ. ಹಣವೇ ಛಲವನ್ನು ಹುಟ್ಟಿಸಿತೆನ್ನುವುದಕ್ಕಿಂತ, ಛಲವಿದ್ದವರೇ ಹಣ ಕಟ್ಟಿದರೆನ್ನುವುದು ನಮಗೆ ಹೆಚ್ಚು ಸಂಭವವಾಗಿ ತೋರುವುದು. ಹೇಗಾದರೂ, ಛಲವನ್ನು ಪರೀಕ್ಷಿಸಲು ಸಾವಿರ ರೂಪಾಯಿ ಸಾಕು. ಎರಡು ಲಕ್ಷ ಬೇಡ.

ಆದುದರಿಂದ ಹುಡುಗನು ಮೂರು ತಿಂಗಳು ಪೈಥಾನನ್ನೂ ಮ್ಯಾಟ್ರಿಕ್ಸ್ ಗಣಿತವನ್ನೂ ದಿನಕ್ಕೊಂದು ಗಂಟೆಯಂತೆ ಅಭ್ಯಾಸಮಾಡಲಿ. ಪಾಠ ಕೇಳಿದರೆ ಸಾಲದು, ಲೆಕ್ಕಗಳನ್ನು ಕೈಯಾರೆ ಮಾಡಬೇಕು. ಲೆಕ್ಕಪತ್ರಗಳನ್ನು ಬಲ್ಲವನಾದುದರಿಂದ, ಪರಿಚಯದ ಅಂಗಡಿಯೊಂದರ ಎರಡು ವರ್ಷದ ಮಾರಾಟದ ಲೆಕ್ಕವನ್ನು ಕೇಳಿ ಪಡೆದು, ಮುಂದಿನ ತಿಂಗಳ ಮಾರಾಟವನ್ನು ಊಹಿಸಿ ನೋಡಲಿ. ಅಷ್ಟಾದ ಮೇಲೂ ಉತ್ಸಾಹ ಉಳಿದಿದ್ದರೆ, ಐ.ಐ.ಟಿ. ಮದ್ರಾಸಿನವರು 2020ರಿಂದ ಅಂತರ್ಜಾಲದಲ್ಲಿ ನಡೆಸುತ್ತಿರುವ ಡೇಟಾ ಸೈನ್ಸ್ ಪದವಿಯನ್ನು ವಿಚಾರಿಸಬಹುದು. ಅದಕ್ಕೆ ಜೆಇಇ ಪರೀಕ್ಷೆ ಕಡ್ಡಾಯವಲ್ಲ. ನಾಲ್ಕು ವಾರ ಪಾಠ ಓದಿ ಅರ್ಹತಾಪರೀಕ್ಷೆಯಲ್ಲಿ ತೇರ್ಗಡೆಯಾದರೆ ಪ್ರವೇಶವುಂಟು. ವಾಣಿಜ್ಯ ಓದಿದವರಿಗೂ ಅಡ್ಡಿಯಿಲ್ಲ.

ಅಷ್ಟರಲ್ಲಿ ಕಂಪನಿಯವರು ಮತ್ತೆ ಬಂದರೆ ತಂದೆಯವರು ಎರಡು ಮಾತು ಕೇಳಲಿ. ಪತ್ರದಲ್ಲಿರುವುದು ಉದ್ಯೋಗದ ಭರವಸೆಯೋ, ಉದ್ಯೋಗ ಹುಡುಕುವುದಕ್ಕೆ ಸಹಾಯವೋ? ಮಗನು ನಡುವೆ ಬಿಟ್ಟರೆ ಕಂತು ನಿಲ್ಲುವುದೋ? ಸಾಲ ಕೊಡುವ ಸಂಸ್ಥೆಯೇ ಬೇರೆಯಾದಲ್ಲಿ, ಪಾಠ ನಿಂತರೂ ಕಂತು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಉತ್ತರವನ್ನು ಬರಹದಲ್ಲಿ ಪಡೆಯತಕ್ಕದ್ದು.