ಯುಗಾದಿಗೆ ಮುನ್ನ ಹಿತ್ತಿಲಿನ ಸಿದ್ಧತೆ

ಮಾಘ ಮಾಸ ಕಳೆಯುತ್ತ ಬಂದಿತೆಂದರೆ ಬೆಂಗಳೂರಿನ ಬೀದಿಗಳಲ್ಲಿ ಹೊಂಗೆಯೂ ಮಳೆಮರವೂ ಎಲೆಯುದುರಿಸತೊಡಗುತ್ತವೆ. ಮನೆಯ ಮುಂದೆ ಗುಡಿಸಿದ ತರಗಿಗೆ ಬೆಂಕಿಯಿಟ್ಟು, ಮರುದಿನ ಗೊಬ್ಬರದ ಚೀಲಕ್ಕೆ ಹಣ ತೆರುವ ಗೃಹಸ್ಥರು ಹಲವರು. ಬೇಸಿಗೆಯಲ್ಲಿ ಬೆಂಡೆಯ ಬೇರನ್ನು ತಂಪಾಗಿಡಬೇಕಾದ ಹೊದಿಕೆಯೂ ಮುಂಗಾರಿಗೆ ಒದಗಬೇಕಾದ ಗೊಬ್ಬರವೂ ಆ ಹೊಗೆಯೊಂದಿಗೇ ಹೋದವೆಂಬುದು ಅವರ ಗಮನಕ್ಕೆ ಬಾರದು.

ಯುಗಾದಿಯ ಸುಮಾರಿಗೆ ಬಿತ್ತನೆಯಾಗಬೇಕಾದರೆ ಮಣ್ಣಿನ ಕೆಲಸವನ್ನು ಒಂದು ತಿಂಗಳು ಮುಂಚೆಯೇ ಆರಂಭಿಸತಕ್ಕದ್ದು. ಹೊಸ ಬಡಾವಣೆಯ ಹಿತ್ತಿಲಿನಲ್ಲಿ ಮೊದಲ ಶತ್ರು ಕಳೆಯಲ್ಲ, ಕಟ್ಟಡದ ಗಾರೆ. ಸಿಮೆಂಟು, ಸುಣ್ಣ ಬೆರೆತ ಮಣ್ಣು ಕ್ಷಾರವಾಗುತ್ತದೆ; ಸಸಿಗೆ ಕಬ್ಬಿಣದ ಅಂಶ ದಕ್ಕದೆ ಎಳೆಯ ಎಲೆಗಳು ಹಳದಿಗಟ್ಟುತ್ತವೆ. ನೀರು ಸಾಲದೆಂದು ಬಗೆದು ಗೃಹಿಣಿಯು ಮತ್ತೊಂದು ಬಿಂದಿಗೆ ಸುರಿದರೆ ಫಲವಿಲ್ಲ. ಒಂದಡಿ ಆಳಕ್ಕೆ ಅಗೆದು, ಗಾರೆಯ ಹೆಂಟೆಗಳನ್ನೂ ಇಟ್ಟಿಗೆಯ ಚೂರುಗಳನ್ನೂ ಆರಿಸಿ ತೆಗೆದು, ಮಣ್ಣನ್ನು ಎರಡು ವಾರ ಬಿಸಿಲಿಗೆ ಬಿಡುವುದು ಲೇಸು. ಅಡಗಿದ್ದ ಹುಳುಗಳು ಬಿಸಿಲಿಗೂ ಹಕ್ಕಿಗಳಿಗೂ ಈಡಾಗುತ್ತವೆ.

ಗೊಬ್ಬರದ ವಿಚಾರದಲ್ಲಿ ಅವಸರ ಸಲ್ಲದು. ಅರೆಕೊಳೆತ ಸಗಣಿ ಪಾತಿಯಲ್ಲಿ ಬಿಸಿಯೇರಿ ಎಳೆಯ ಬೇರನ್ನು ಸುಡುತ್ತದೆ, ಗೆದ್ದಲನ್ನೂ ಕರೆತರುತ್ತದೆ. 1924ರಿಂದ 1931ರವರೆಗೆ ಇಂದೂರಿನಲ್ಲಿದ್ದ ಆಲ್ಬರ್ಟ್ ಹೊವರ್ಡ್ ರೂಪಿಸಿದ ಕ್ರಮದಲ್ಲಿ ಕಸಕಡ್ಡಿಯನ್ನೂ ಸಗಣಿಯನ್ನೂ ಪದರಪದರವಾಗಿ ಒಟ್ಟಿ, ಆಗಾಗ ತಿರುವಿಹಾಕಿದರೆ ಮೂರು ತಿಂಗಳಿಗೆ ಗೊಬ್ಬರ ಸಿದ್ಧ. 1939ರಲ್ಲಿ ಸಿ. ಎನ್. ಆಚಾರ್ಯರು ತಿಳಿಸಿದ ‘ಬೆಂಗಳೂರು ವಿಧಾನ’ದಲ್ಲಿ ಗುಂಡಿಯನ್ನು ತುಂಬಿ ಮೇಲೆ ಕೆಸರು ಮೆತ್ತಿದರಾಯಿತು, ತಿರುವುವ ಶ್ರಮವಿಲ್ಲ, ಆದರೆ ಆರೆಂಟು ತಿಂಗಳು ಕಾಯಬೇಕು. ಬೆನ್ನು ಬಗ್ಗದ ಮನೆಗೆ ಎರಡನೆಯದೇ ಹಿತ! ಹಾಗಾಗಿ ಈ ವರ್ಷದ ತರಗು ಮುಂದಿನ ಬೆಳೆಗೆ. ಈಗಿನ ಪಾತಿಗೆ ಕಪ್ಪಾಗಿ ಪುಡಿಯಾಗಿ, ಮೊದಲ ಮಳೆಯ ಮಣ್ಣಿನಂತೆ ಕಂಪು ಬೀರುವ ಹಳೆಯ ಗೊಬ್ಬರವೇ ಆಗಬೇಕು. ಚದರ ಮೀಟರಿಗೆ ಮೂರು ಕಿಲೋ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಸಾಕು.

ಬೇಸಿಗೆಯ ಪಾತಿ ನೆಲಮಟ್ಟಕ್ಕಿಂತ ತುಸು ತಗ್ಗಿರಲಿ, ನೀರು ಹರಿದುಹೋಗದು. ಮೂರಡಿ ಅಗಲವಾದರೆ ಎರಡೂ ಬದಿಯಿಂದ ಕೈ ನಿಲುಕುತ್ತದೆ. ಕಳೆದ ಸಲ ಬದನೆ, ಟೊಮೆಟೊ, ಮೆಣಸಿನಕಾಯಿ ಬೆಳೆದ ಜಾಗದಲ್ಲಿ ಈ ಮೂರನ್ನೂ ಬಿಟ್ಟು ಗೋರಿಕಾಯಿಯನ್ನೋ ಸೌತೆಯನ್ನೋ ಹಾಕಿದರೆ ಮಣ್ಣಿನಲ್ಲುಳಿದ ರೋಗ ಹೊಸ ಗಿಡಕ್ಕೆ ತಗಲುವ ಭಯ ಕಡಿಮೆ. ಬೆಂಡೆಯ ಬೀಜವನ್ನು ರಾತ್ರಿ ನೆನೆಸಿ, ಗೇಣುದ್ದಕ್ಕಿಂತ ಹೆಚ್ಚು ಅಂತರಬಿಟ್ಟು ಊರಬೇಕು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಅನಾಮಿಕ’ ತಳಿಯನ್ನು ಹಳದಿ ನರರೋಗ ತಡೆಯಲೆಂದೇ ರೂಪಿಸಲಾಗಿದೆ.

ಉಳಿದುದು ನೀರಿನ ಪ್ರಶ್ನೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನವರು ಟ್ಯಾಂಕರಿಗೆ ಕಾದು ನಿಂತುದನ್ನು ನೆನೆದರೆ, ಕುಡಿಯುವ ನೀರನ್ನು ಗಿಡಕ್ಕೆ ಹೊಯ್ಯಲು ಯಾರ ಮನಸ್ಸೂ ಒಪ್ಪದು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಸೋಪಿನ ನೀರಿನೊಡನೆ ಬೆರೆಸದೆ ಒಂದು ಬಕೆಟ್ಟಿನಲ್ಲಿ ಹಿಡಿದಿಟ್ಟರೆ ಪುಟ್ಟ ಪಾತಿಯೊಂದಕ್ಕೆ ಆಸರೆಯಾಗುತ್ತದೆ. ಸಂಜೆ ನೀರುಣಿಸಿ, ಕಾಂಡಕ್ಕೆ ತಾಗದಂತೆ ಎರಡಂಗುಲ ತರಗು ಹೊದಿಸಿದರೆ ತೇವ ಬೇಗ ಆರದು. ಎಷ್ಟು ನೀರು ದೊರೆಯುವುದೋ ಅಷ್ಟೇ ಪಾತಿ. ಮೊದಲ ವರ್ಷಕ್ಕೆ ಹರಿವೆ, ಬೆಂಡೆ ಎರಡೇ ಇದ್ದರೂ ಕೊರತೆಯಿಲ್ಲ. ಬಿತ್ತಿದ ನಾಲ್ಕನೆಯ ವಾರಕ್ಕೇ ಹರಿವೆ ಸೊಪ್ಪು ಅಡುಗೆಮನೆ ಸೇರುತ್ತದೆ.