ಕ್ರೈಸ್ತ ವಿಶ್ವವಿದ್ಯಾಲಯಗಳು: ಆಡಳಿತ ಯಾರ ಕೈಯಲ್ಲಿ?



ರಾಜ್ಯದ ಹಳೆಯ ಕ್ರೈಸ್ತ ಕಾಲೇಜುಗಳು ಒಂದೊಂದಾಗಿ ವಿಶ್ವವಿದ್ಯಾಲಯಗಳಾಗುತ್ತಿವೆ. ಬೆಂಗಳೂರಿನ ಕ್ರೈಸ್ಟ್ 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. 1882ರಲ್ಲಿ ಆರಂಭವಾದ ಸೇಂಟ್ ಜೋಸೆಫ್ಸ್ 2022ರಲ್ಲೂ, 1880ರ ಮಂಗಳೂರಿನ ಸೇಂಟ್ ಅಲೋಶಿಯಸ್ 2024ರಲ್ಲೂ ವಿಶ್ವವಿದ್ಯಾಲಯದ ಪಟ್ಟಕ್ಕೇರಿದವು. ಸಂತೋಷದ ಸುದ್ದಿಯೇ. ಆದರೆ ನಿನ್ನೆಯವರೆಗೆ ಇವುಗಳ ಪದವಿಗೆ ಹೊರಗಿನ ವಿಶ್ವವಿದ್ಯಾಲಯವೊಂದು ಉತ್ತರದಾಯಿಯಾಗಿತ್ತು. ಈಗ ಪದವಿ ಕೊಡುವ ಅಧಿಕಾರವೂ ಒಳಗೇ ಇದೆ. ಹಾಗಾದರೆ ಅದಕ್ಕೆ ತಕ್ಕ ಹೊಣೆಗಾರಿಕೆ ಎಲ್ಲಿಂದ ಬರಬೇಕು? ಯುಜಿಸಿ ನಿಯಮಗಳು ಆಡಳಿತ ಮಂಡಳಿಯಲ್ಲಿ ಹೊರಗಿನ ಸದಸ್ಯರನ್ನು ಕೇಳುತ್ತವೆ, ನಿಜ. ಆದರೆ ಧರ್ಮಸಂಘಗಳು ನಡೆಸುವ ಸಂಸ್ಥೆಗಳಲ್ಲಿ ಆಸ್ತಿ, ಹಣಕಾಸು, ಮುಖ್ಯಸ್ಥರ ಆಯ್ಕೆಯಂಥ ವಿಷಯಗಳಲ್ಲಿ ಕೊನೆಯ ಮಾತು ಸಾಮಾನ್ಯವಾಗಿ ಆ ಮಂಡಳಿಗೂ ಮೇಲಿರುವ ಪ್ರಾಯೋಜಕ ಸೊಸೈಟಿಯದು. ಅಲ್ಲಿ ಕೂರುವವರು ಬಹುಪಾಲು ಆ ಸಂಘದ ಗುರುಗಳು ಅಥವಾ ಭಗಿನಿಯರೇ. ವಿಶ್ವವಿದ್ಯಾಲಯದ ನಾಯಕತ್ವ ಸಂಘದ ವರ್ಗಾವಣೆ ಪಟ್ಟಿಯ ಒಂದು ಸಾಲಾಗಿ ಉಳಿಯಬಾರದು. ಆ ಸೊಸೈಟಿಯಲ್ಲೇ ಗುರು-ಭಗಿನಿಯರಲ್ಲದ ಶ್ರೀಸಾಮಾನ್ಯ ಕ್ರೈಸ್ತರಿಗೂ, ಅನ್ಯಧರ್ಮೀಯ ವಿದ್ವಾಂಸರಿಗೂ, ಹಳೆಯ ವಿದ್ಯಾರ್ಥಿಗಳಿಗೂ ಮತ ಹಾಕುವ ಸ್ಥಾನ ಸಿಗಬೇಕು ಎಂಬುದು ನನ್ನ ವಾದ.

ಹೊರಗಿನವರು ಬಂದರೆ ಕ್ರೈಸ್ತತನ ಕರಗಿಹೋಗುತ್ತದೆ ಎಂಬ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ತಲೆಮಾರುಗಳ ತ್ಯಾಗದಿಂದ ಕಟ್ಟಿದ ಸಂಸ್ಥೆಗಳಿವು. ಆದರೆ ಅಮೆರಿಕದ ಅನುಭವ ನೋಡಿ. 1967ರಲ್ಲಿ ಸೇಂಟ್ ಲೂಯಿಸ್ ಮತ್ತು ನೋಟರ್ ಡೇಮ್ ಕ್ಯಾಥೊಲಿಕ್ ವಿಶ್ವವಿದ್ಯಾಲಯಗಳು ತಮ್ಮ ಆಡಳಿತವನ್ನು ಶ್ರೀಸಾಮಾನ್ಯರೇ ಹೆಚ್ಚಿರುವ ಮಂಡಳಿಗಳಿಗೆ ಒಪ್ಪಿಸಿದವು. ನೋಟರ್ ಡೇಮ್‌ನಲ್ಲಿ ಅಧ್ಯಕ್ಷರಾಗುವವರು ಇಂದಿಗೂ ಹೋಲಿ ಕ್ರಾಸ್ ಧರ್ಮಸಂಘದ ಗುರುಗಳೇ. ಮಂಡಳಿಯ ಮೇಲೆ ಹನ್ನೆರಡು ಮಂದಿ ‘ಫೆಲೋ’ಗಳ ಸಮಿತಿಯಿದ್ದು, ಅದರಲ್ಲಿ ಅರ್ಧ ಗುರುಗಳು, ಅರ್ಧ ಶ್ರೀಸಾಮಾನ್ಯರು. ಧ್ಯೇಯದ ಕಾವಲನ್ನೂ ದಿನನಿತ್ಯದ ಆಡಳಿತವನ್ನೂ ಹೀಗೆ ಬೇರ್ಪಡಿಸಿ ಎರಡನ್ನೂ ಉಳಿಸಿಕೊಂಡರು. ನಮ್ಮಲ್ಲೂ ಈ ಚಿಂತನೆ ಹೊಸತಲ್ಲ. ಭಾರತದ ಕ್ರೈಸ್ತ ಕಾಲೇಜುಗಳನ್ನು ಪರಿಶೀಲಿಸಿದ ಲಿಂಡ್ಸೆ ಆಯೋಗ, ಅವುಗಳ ಆಡಳಿತ ವಿದೇಶಿ ಮಿಷನ್ ಮಂಡಳಿಗಳ ಕೈಯಿಂದ ಇಲ್ಲಿಯವರ ಕೈಗೆ ಬರಬೇಕೆಂದು 1931ರಲ್ಲೇ ಹೇಳಿತ್ತು. ಆ ಮಾತು ಅಂದು ಪ್ರೊಟೆಸ್ಟೆಂಟ್ ಕಾಲೇಜುಗಳ ಕುರಿತದ್ದು. ಅದರ ತರ್ಕ ಇಂದು ಎಲ್ಲರಿಗೂ ಸಲ್ಲುತ್ತದೆ.

ಇನ್ನೊಂದು ಆಕ್ಷೇಪ ಸಂವಿಧಾನದ್ದು. ಬಾಗಿಲು ತೆರೆದರೆ ಸರ್ಕಾರ ಒಳಗೆ ಕಾಲಿಡುತ್ತದೆ, ಅಲ್ಪಸಂಖ್ಯಾತರು ತಮ್ಮ ಶಿಕ್ಷಣ ಸಂಸ್ಥೆಗಳನ್ನು ತಾವೇ ನಡೆಸಿಕೊಳ್ಳುವ 30ನೇ ವಿಧಿಯ ಹಕ್ಕು ಸವೆಯುತ್ತದೆ ಎನ್ನುತ್ತಾರೆ. ಅಹಮದಾಬಾದಿನ ಸೇಂಟ್ ಝೇವಿಯರ್ಸ್ ಪ್ರಕರಣದಲ್ಲಿ 1974ರಲ್ಲಿ ಸುಪ್ರೀಂ ಕೋರ್ಟ್, ಅಲ್ಪಸಂಖ್ಯಾತರ ಆಡಳಿತ ಮಂಡಳಿಗಳ ಮೇಲೆ ಹೊರಗಿನವರನ್ನು ಹೇರುವುದನ್ನು ತಡೆಯಿತು; ಅದು ಸರಿಯಾದ ತೀರ್ಪು. ಆದರೆ ಹೇರಿಕೆ ಬೇರೆ, ತಾವಾಗಿ ಕರೆಯುವುದು ಬೇರೆ. ಆಡಳಿತದ ಹಕ್ಕೆಂದರೆ ದುರಾಡಳಿತದ ಹಕ್ಕಲ್ಲವೆಂದು ಅದೇ ನ್ಯಾಯಾಲಯ 1958ರಲ್ಲಿ ಕೇರಳ ಶಿಕ್ಷಣ ಮಸೂದೆಯ ಸಂದರ್ಭದಲ್ಲಿ ಹೇಳಿದೆ. ನಮ್ಮ ರಾಜ್ಯದಿಂದಲೇ ಹೋದ ಟಿ.ಎಂ.ಎ. ಪೈ ಪ್ರಕರಣದ 2002ರ ತೀರ್ಪು ಕೂಡ ಈ ಹಕ್ಕು ನಿರಂಕುಶವಲ್ಲವೆಂದಿತು. ಲೆಕ್ಕಪತ್ರ ಮುಚ್ಚಿಟ್ಟ ಸಂಸ್ಥೆಯೊಳಗೇ ಸರ್ಕಾರ ಸುಲಭವಾಗಿ ಕೈಹಾಕುತ್ತದೆ. ಸ್ವಂತ ಇಚ್ಛೆಯಿಂದ ಉತ್ತರದಾಯಿಯಾದ ಸಂಸ್ಥೆಯ ಮುಂದೆ ಅದಕ್ಕೆ ನೆಪ ಸಿಗುವುದಿಲ್ಲ.

ಧರ್ಮಸಂಘಗಳ ಪ್ರಾಂತ್ಯಾಧಿಕಾರಿಗಳಲ್ಲೂ ಬಿಷಪರಲ್ಲೂ ನನ್ನ ವಿನಂತಿ ಇಷ್ಟೆ: ಸೊಸೈಟಿಯ ಬೈಲಾ ತಿದ್ದಿ ಶ್ರೀಸಾಮಾನ್ಯರಿಗೆ ಮತದ ಹಕ್ಕು ಕೊಡಿ, ಕುಲಪತಿಯ ಆಯ್ಕೆ ಸಮಿತಿಯಲ್ಲಿ ಅಧ್ಯಾಪಕರನ್ನು ಕೂರಿಸಿ, ಅವಧಿ ಮುಗಿಯುವವರೆಗೆ ಕುಲಪತಿಯನ್ನು ವರ್ಗಾಯಿಸಬೇಡಿ, ಲೆಕ್ಕಪರಿಶೋಧನೆಯ ವರದಿಯನ್ನು ಪ್ರತಿ ವರ್ಷ ಸಾರ್ವಜನಿಕರ ಮುಂದಿಡಿ. ಇದಕ್ಕೆ ಯಾವ ಕೋರ್ಟಿನ ಆದೇಶವೂ ಬೇಕಿಲ್ಲ.

— ಓದುಗ, ಮಂಗಳೂರು